ಊರಿನ ಅನ್ನಕ್ಕೆ ಒಂದು ಅಗುಳು ಸಾಕೇ?

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಯಾವ ತಾಯಿಯೂ ಇಡೀ ಪಾತ್ರೆಯನ್ನು ಬಗ್ಗಿಸಿ ನೋಡುವುದಿಲ್ಲ. ಸೌಟಿನಿಂದ ಒಂದೆರಡು ಅಗುಳು ತೆಗೆದು ಬೆರಳಲ್ಲಿ ಹಿಚುಕಿದರೆ ಸಾಕು, ಪಾತ್ರೆಯ ಸಮಾಚಾರವೆಲ್ಲ ಗೊತ್ತಾಗುತ್ತದೆ. ಸಂಖ್ಯಾಶಾಸ್ತ್ರಜ್ಞರು ದಪ್ಪ ಪುಸ್ತಕ ಬರೆದು ವಿವರಿಸುವ ಮಾದರಿ ಸಮೀಕ್ಷೆಯ ತತ್ವ ಇದೇ. ಹಾಗಾದರೆ ಎರಡು ಲಕ್ಷಕ್ಕೂ ಹೆಚ್ಚು ಜನರಿರುವ ಒಂದು ನಗರವನ್ನು ಹೀಗೆ ಹಿಚುಕಿ ನೋಡಬಹುದೇ? ನಲ್ಲಿ, ಗಟಾರು, ಬೀದಿದೀಪ, ಕಸದ ಗಾಡಿ ಇವೆಲ್ಲದರ ಬಗ್ಗೆ ಜನರಿಗೆ ಸಮಾಧಾನ ಇದೆಯೋ ಇಲ್ಲವೋ ಎಂದು ಕೆಲವೇ ನೂರು ಮನೆಗಳನ್ನು ಕೇಳಿ ಹೇಳಬಹುದೇ?

ಹೇಳಬಹುದು. ಆದರೆ ಅಗುಳು ತೆಗೆಯುವ ಕೈಗೆ ಲೆಕ್ಕ ಗೊತ್ತಿರಬೇಕು. ಮೇಲಿನ ಅಗುಳು ಬೆಂದು ತಳ ಸೀದಿರುವ ಪಾತ್ರೆಗಳೂ ಉಂಟು. ರಾಯಚೂರಿನಂಥ ಊರಿನಲ್ಲಿ ಈ ಮಾತನ್ನು ಮರೆಯುವಂತಿಲ್ಲ.

ಎರಡು ನದಿಗಳ ನಡುವಿನ ಬಾಯಾರಿಕೆ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ನದಿಗಳ ನಡುವಿನ ದೋಆಬ್ ಪ್ರದೇಶಕ್ಕಾಗಿ ವಿಜಯನಗರದವರೂ ಬಹಮನಿಗಳೂ ತಲೆತಲಾಂತರ ಕಾದಾಡಿದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಅಂಥ ನೆಲದಲ್ಲಿ ಇಂದಿಗೂ ಜನರ ಮೊದಲ ಮಾತು ನೀರಿನದೇ. ರಾಯಚೂರು ನಗರಕ್ಕೆ ಕೃಷ್ಣೆಯಿಂದಲೂ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತುಂಬುವ ರಾಂಪುರ ಜಲಾಶಯದಿಂದಲೂ ನೀರು ಬರುತ್ತದೆ. ಎರಡು ಕಡೆಯಿಂದ ನೀರಿದ್ದರೂ ಅದು ಮನೆಯ ಕೊಡಕ್ಕೆ ಬರುವಷ್ಟರಲ್ಲಿ ಏನೇನಾಗುತ್ತದೆ ಎಂಬುದು ಬೇರೆಯೇ ಕಥೆ.

ಆ ಕಥೆಯ ಅತ್ಯಂತ ಕಹಿಯಾದ ಅಧ್ಯಾಯ 2022ರ ಮೇ ಕೊನೆಯಲ್ಲಿ ಬಂತು. ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ನಗರದ ಹಲವು ಬಡಾವಣೆಗಳ ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ಮನೆಗೆ ಮರಳಲಿಲ್ಲ. ರಾಜ್ಯದ ಮುಖ್ಯಮಂತ್ರಿಗಳು ತನಿಖೆಗೆ ಆದೇಶಿಸಬೇಕಾಯಿತು. ತಪ್ಪು ಯಾರದು ಎಂಬುದು ತನಿಖೆಯ ವಿಷಯ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಸಾದಾ ಪ್ರಶ್ನೆಯೊಂದಿದೆ. ಓಣಿಯ ಹೆಂಗಸರು ‘ಇವತ್ತು ನೀರು ವಾಸನಿ ಹೊಡಿತಾವ’ ಎಂದು ಪರಸ್ಪರ ಆಡಿಕೊಳ್ಳುವ ಮಾತು ಕಚೇರಿಯ ಮೇಜಿಗೆ ತಲುಪಲು ನಮ್ಮ ಊರುಗಳಲ್ಲಿ ದಾರಿ ಯಾವುದಿದೆ? ದೂರು ಪುಸ್ತಕ ಇದೆ, ಬರೆಯಬಲ್ಲವರು ಬರೆಯುತ್ತಾರೆ. ಫೋನು ಇದೆ, ಅಧಿಕಾರಿಯ ಪರಿಚಯ ಇದ್ದವರು ಮಾಡುತ್ತಾರೆ. ಉಳಿದವರ ಮಾತು ನಲ್ಲಿಯ ಕಟ್ಟೆಯಲ್ಲೇ ಉಳಿಯುತ್ತದೆ.

2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ನಡೆದ ಸಚಿವ ಸಂಪುಟ ಸಭೆ ರಾಯಚೂರು ಮತ್ತು ಬೀದರ ನಗರಸಭೆಗಳನ್ನು ಮಹಾನಗರ ಪಾಲಿಕೆಗಳನ್ನಾಗಿ ಮಾಡಲು ತೀರ್ಮಾನಿಸಿತು. ಫಲಕ ಬದಲಾಯಿತು, ಜವಾಬ್ದಾರಿ ದೊಡ್ಡದಾಯಿತು. ಹೊಸ ಲೆಕ್ಕದ ಪುಸ್ತಕ ತೆರೆಯುವಾಗ ಮೊದಲ ಪುಟದಲ್ಲಿ ಜನರ ಅಭಿಪ್ರಾಯವನ್ನೇ ಬರೆದುಕೊಂಡರೆ ಹೇಗೆ? ಮುಂದೆ ಐದು ವರ್ಷ ಕಳೆದ ಮೇಲೆ ‘ಸುಧಾರಿಸಿದೆ’ ಎನ್ನಲು ಆಗ ಒಂದು ಅಳತೆಗೋಲಾದರೂ ಇರುತ್ತದೆ.

ಬೆಂಗಳೂರು ಪಡೆದ ಅಂಕಪಟ್ಟಿ

ಮಕ್ಕಳಿಗೆ ಶಾಲೆ ಅಂಕಪಟ್ಟಿ ಕೊಡುತ್ತದೆ. ಊರಿನ ಆಡಳಿತಕ್ಕೆ ಅಂಕ ಕೊಡುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ನಮ್ಮ ರಾಜ್ಯದ ರಾಜಧಾನಿಯಲ್ಲೇ ಎಂಬುದು ಅನೇಕರಿಗೆ ತಿಳಿಯದು. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದು, ವಿಶ್ವ ಬ್ಯಾಂಕಿನಲ್ಲಿಯೂ ಕೆಲಸ ಮಾಡಿ ಬೆಂಗಳೂರಿಗೆ ಬಂದು ನೆಲೆಸಿದ ಸ್ಯಾಮ್ಯುಯೆಲ್ ಪಾಲ್ 1993ರಲ್ಲಿ ಗೆಳೆಯರೊಂದಿಗೆ ಕೂಡಿ ಒಂದು ಪ್ರಯೋಗಕ್ಕೆ ಕೈ ಹಾಕಿದರು. ಮಾರುಕಟ್ಟೆ ಸಮೀಕ್ಷೆ ನಡೆಸುವ ಸಂಸ್ಥೆಯೊಂದರ ನೆರವಿನಿಂದ ಮಧ್ಯಮ ವರ್ಗದ ಮನೆಗಳಿಗೂ ಕೊಳೆಗೇರಿಗಳಿಗೂ ಹೋಗಿ, ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಕೇಳಿದರು. ಸೋಪು, ಟೂತ್‌ಪೇಸ್ಟು ಮಾರುವ ಕಂಪನಿಗಳು ಗಿರಾಕಿಯ ಮನಸ್ಸು ತಿಳಿಯಲು ಬಳಸುವ ವಿಧಾನವನ್ನೇ ನೀರು, ವಿದ್ಯುತ್ತು, ಟೆಲಿಫೋನು, ನಗರಪಾಲಿಕೆಗಳಿಗೆ ಅನ್ವಯಿಸಿದ್ದು ಅವರ ಹೊಸತನ.

1994ರಲ್ಲಿ ಫಲಿತಾಂಶ ಹೊರಬಂದಾಗ ಆಡಳಿತಗಾರರ ಮುಖ ಸಣ್ಣದಾಯಿತು. ಎಲ್ಲ ಇಲಾಖೆಗಳನ್ನೂ ಸೇರಿಸಿ ನೋಡಿದರೆ ತೃಪ್ತಿ ಇದೆ ಎಂದವರು ಸರಾಸರಿ ನೂರಕ್ಕೆ ಒಂಬತ್ತು ಮಂದಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ವಿಷಯದಲ್ಲಂತೂ ನೂರಕ್ಕೆ ಒಬ್ಬರು! ಇಲಾಖೆಗಳೊಂದಿಗೆ ವ್ಯವಹರಿಸಿದ ಕೊಳೆಗೇರಿಯ ಜನರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಲಂಚ ಕೊಟ್ಟಿದ್ದರು. ಇವೆಲ್ಲ ಜನರಿಗೆ ಹೊಸ ಸುದ್ದಿಯೇನಲ್ಲ. ಆದರೆ ‘ಎಲ್ಲಾ ಹೀಗೇ’ ಎಂದು ನಿಟ್ಟುಸಿರು ಬಿಡುವುದಕ್ಕೂ ‘ನೂರಕ್ಕೆ ಇಷ್ಟು’ ಎಂದು ಅಂಕಿ ಮುಂದಿಡುವುದಕ್ಕೂ ವ್ಯತ್ಯಾಸ ಇದೆ. ನಿಟ್ಟುಸಿರಿಗೆ ಉತ್ತರ ಕೊಡಬೇಕಾಗಿಲ್ಲ, ಅಂಕಿಗೆ ಕೊಡಬೇಕಾಗುತ್ತದೆ. ಪತ್ರಿಕೆಗಳು ಆ ಅಂಕಿಗಳನ್ನು ವಾರಗಟ್ಟಲೆ ಪ್ರಕಟಿಸಿದವು.

ಅದೇ 1994ರಲ್ಲಿ ಪಾಲ್ ಅವರು ಪಬ್ಲಿಕ್ ಅಫೇರ್ಸ್ ಸೆಂಟರ್ ಸಂಸ್ಥೆಯನ್ನು ಆರಂಭಿಸಿದರು. 1999ರಲ್ಲಿ ಎರಡನೆಯ, 2003ರಲ್ಲಿ ಮೂರನೆಯ ಸಮೀಕ್ಷೆ ನಡೆಯಿತು. ಮೂರನೆಯ ಸಲ ತೃಪ್ತಿಯ ಸರಾಸರಿ ಶೇಕಡಾ 49ಕ್ಕೆ ಏರಿತ್ತು. ಇದಕ್ಕೆ ಸಮೀಕ್ಷೆಯೊಂದೇ ಕಾರಣ ಎನ್ನಲಾಗದು. 1999ರಲ್ಲಿ ಅಂದಿನ ಸರ್ಕಾರ ಬೆಂಗಳೂರಿಗಾಗಿ ಒಂದು ಕಾರ್ಯಪಡೆಯನ್ನು ರಚಿಸಿತ್ತು. ಅದು ಇಲಾಖೆಗಳನ್ನು ಸಾರ್ವಜನಿಕ ಸಭೆಯಲ್ಲಿ ನಿಲ್ಲಿಸಿ ಲೆಕ್ಕ ಕೇಳುತ್ತಿತ್ತು. ಹಣವೂ ಬಂತು, ಕಂಪ್ಯೂಟರೂ ಬಂತು. ಆದರೆ ಮೊದಲ ಅಂಕಪಟ್ಟಿ ಇಲ್ಲದಿದ್ದರೆ ಸುಧಾರಣೆ ಆಯಿತೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಪಾಲ್ 2015ರಲ್ಲಿ ತೀರಿಕೊಂಡರು. ಅವರ ವಿಧಾನ ಅಷ್ಟರಲ್ಲಿ ಫಿಲಿಪ್ಪೀನ್ಸ್, ಉಕ್ರೇನ್‌ಗಳವರೆಗೂ ಪ್ರಯಾಣ ಮಾಡಿತ್ತು. ನಾಲ್ಕು ನೂರು ಕಿಲೋಮೀಟರ್ ದೂರದ ರಾಯಚೂರಿಗೆ ಅದು ಬರಲು ಅಡ್ಡಿ ಏನು?

ಕೇಂದ್ರ ಸರ್ಕಾರವೂ ಇಂಥ ಪ್ರಯತ್ನ ಮಾಡಿದೆ. ‘ಸುಗಮ ಜೀವನ ಸೂಚ್ಯಂಕ’ಕ್ಕಾಗಿ 2020ರ ಜನವರಿಯಿಂದ ಮಾರ್ಚ್‌ವರೆಗೆ 111 ನಗರಗಳ 32 ಲಕ್ಷಕ್ಕೂ ಹೆಚ್ಚು ಜನರ ಅಭಿಪ್ರಾಯ ಸಂಗ್ರಹಿಸಲಾಯಿತು. ಆದರೆ ಅದು ಸ್ಮಾರ್ಟ್ ಸಿಟಿಗಳಿಗೂ ಹತ್ತು ಲಕ್ಷ ದಾಟಿದ ನಗರಗಳಿಗೂ ಮೀಸಲಾಗಿದ್ದ ಪಂಕ್ತಿ. ರಾಯಚೂರಿಗೆ ಅಲ್ಲಿ ಎಲೆ ಹಾಕಿರಲಿಲ್ಲ. ದೇವದುರ್ಗ, ಮಾನ್ವಿಗಳ ಮಾತಂತೂ ದೂರವೇ ಉಳಿಯಿತು.

ಹೆಚ್ಚು ಜನ, ಹೆಚ್ಚು ಸತ್ಯವೇ?

ಲಕ್ಷಗಟ್ಟಲೆ ಜನರನ್ನು ಕೇಳಿದರೆ ಸತ್ಯ ಹೆಚ್ಚು ಸಿಗುತ್ತದೆ ಎಂಬ ನಂಬಿಕೆ ಸಹಜ. ಅದು ಎಷ್ಟು ಪೊಳ್ಳು ಎಂಬುದನ್ನು 1936ರಲ್ಲಿ ಅಮೆರಿಕ ಕಲಿಯಿತು. ಅಲ್ಲಿನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮುನ್ನ ಸುಮಾರು ಒಂದು ಕೋಟಿ ಜನರಿಗೆ ಕಾಗದ ಕಳುಹಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆ ಎಂದು ಸಾರಿತು. ಭಾರೀ ಬಹುಮತದಿಂದ ಗೆದ್ದವರು ರೂಸ್‌ವೆಲ್ಟ್. ಪತ್ರಿಕೆ ಹೆಸರುಗಳನ್ನು ಆರಿಸಿದ್ದು ಟೆಲಿಫೋನು, ಕಾರು ಇದ್ದವರ ಪಟ್ಟಿಗಳಿಂದ. ಬಡವರು ಆ ಪಟ್ಟಿಗಳಲ್ಲಿ ಇರಲೇ ಇಲ್ಲ. ಮೇಲಾಗಿ ಉತ್ತರ ಬರೆದು ಕಳುಹಿಸಿದವರು ಸಿಟ್ಟಿದ್ದವರೇ ಹೆಚ್ಚು. ಅದಕ್ಕಿಂತ ಎಷ್ಟೋ ಪಾಲು ಕಡಿಮೆ ಜನರನ್ನು, ಆದರೆ ಎಲ್ಲ ವರ್ಗದಿಂದಲೂ ಆರಿಸಿ ಕೇಳಿದ್ದ ಜಾರ್ಜ್ ಗ್ಯಾಲಪ್ ಅವರ ಲೆಕ್ಕ ಸರಿಯಾಯಿತು.

ಇಂದು ಮೊಬೈಲಿನಲ್ಲಿ ಲಿಂಕು ಕಳುಹಿಸಿ ‘ಅಭಿಪ್ರಾಯ ತಿಳಿಸಿ’ ಎನ್ನುವುದೂ ಅದೇ ತಪ್ಪಿನ ಹೊಸ ರೂಪ. ಮೊಬೈಲು ಇದ್ದವರು, ಓದಬಲ್ಲವರು, ಪುರುಸೊತ್ತು ಇದ್ದವರು ಉತ್ತರಿಸುತ್ತಾರೆ. ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಹತ್ತಿ ಬಿಡಿಸಲು ಹೋಗುವ ಹೆಣ್ಣುಮಗಳು ಉತ್ತರಿಸುವುದಿಲ್ಲ. ನೀರಿನ ಕಷ್ಟ ಹೆಚ್ಚಾಗಿ ಇರುವುದು ಅವಳ ಮನೆಯಲ್ಲಿ.

ಹಾಗಾದರೆ ಎಷ್ಟು ಮನೆ ಬೇಕು? ಇಲ್ಲೊಂದು ಸರಳ ಗಣಿತವಿದೆ. ಚೀಟಿ ಎತ್ತಿದಂತೆ ನಿಷ್ಪಕ್ಷಪಾತವಾಗಿ ಆರಿಸಿದ 384 ಮನೆಗಳನ್ನು ಕೇಳಿದರೆ ಸಿಗುವ ಶೇಕಡಾವಾರು ಉತ್ತರ, ಇಡೀ ಊರನ್ನು ಕೇಳಿದರೆ ಸಿಗಬಹುದಾದ ಉತ್ತರಕ್ಕಿಂತ ಹೆಚ್ಚೆಂದರೆ ಐದು ಅಂಶ ಆಚೀಚೆ ಇರುತ್ತದೆ. ನೂರು ಸಲ ಹೀಗೆ ಮಾಡಿದರೆ ತೊಂಬತ್ತೈದು ಸಲ ಈ ಮಾತು ನಿಜವಾಗುತ್ತದೆ. ತಪ್ಪಿನ ಅಂತರವನ್ನು ಅರ್ಧಕ್ಕೆ ಇಳಿಸಬೇಕೆಂದರೆ ಮನೆಗಳ ಸಂಖ್ಯೆ ಎರಡು ಪಟ್ಟಾದರೆ ಸಾಲದು, ನಾಲ್ಕು ಪಟ್ಟಾಗಬೇಕು.

ಇದರಲ್ಲಿ ಅಚ್ಚರಿಯ ಸಂಗತಿ ಒಂದಿದೆ. ಊರು ದೊಡ್ಡದಾದರೂ ಚಿಕ್ಕದಾದರೂ ಬೇಕಾದ ಮನೆಗಳ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ. 2011ರ ಜನಗಣತಿಯಲ್ಲಿ ರಾಯಚೂರು ನಗರದ ಜನಸಂಖ್ಯೆ ಸುಮಾರು 2.3 ಲಕ್ಷ. ಅಲ್ಲಿ 45 ಸಾವಿರ ಮನೆಗಳಿವೆ ಎಂದಿಟ್ಟುಕೊಂಡರೆ ಬೇಕಾದದ್ದು 381. ಐದು ಸಾವಿರ ಮನೆಗಳ ಪಟ್ಟಣವೊಂದಕ್ಕೆ ಬೇಕಾದದ್ದು 357! ದೊಡ್ಡ ಹಂಡೆಯ ಸಾರಾದರೂ ಸಣ್ಣ ಪಾತ್ರೆಯ ಸಾರಾದರೂ ಉಪ್ಪು ನೋಡಲು ಬೇಕಾಗುವುದು ಒಂದೇ ಚಮಚ. ಆದ್ದರಿಂದ ‘ನಮ್ಮದು ಸಣ್ಣ ಊರು, ಐವತ್ತು ಮನೆ ಕೇಳಿದರೆ ಸಾಕು’ ಎಂದು ದೇವದುರ್ಗದವರಾಗಲಿ ಮಾನ್ವಿಯವರಾಗಲಿ ಅಂದುಕೊಳ್ಳುವಂತಿಲ್ಲ.

ಆದರೆ ಉಪ್ಪು ನೋಡುವ ಮೊದಲು ಸಾರನ್ನು ಕಲಕಬೇಕಲ್ಲ! ಊರನ್ನು ಕಲಕುವುದು ಸಾಧ್ಯವಿಲ್ಲ. ಸ್ಥಿತಿವಂತರು ಒಂದು ಕಡೆ, ಬಡವರು ಒಂದು ಕಡೆ ಎಂದು ಊರು ತಾನಾಗಿಯೇ ಗಟ್ಟಿಯಾಗಿ ಕುಳಿತಿರುತ್ತದೆ. ಅಕ್ಕಪಕ್ಕದ ಮನೆಗಳ ಉತ್ತರಗಳು ಒಂದೇ ತೆರನಾಗಿರುತ್ತವೆ. ಒಂದೇ ಕೊಳವೆಯ ನೀರು ಕುಡಿಯುವವರು ತಾನೆ? ಒಂದೇ ಓಣಿಯಲ್ಲಿ ಇಪ್ಪತ್ತು ಮನೆ ಕೇಳುವುದಕ್ಕಿಂತ ಹತ್ತು ಓಣಿಗಳಲ್ಲಿ ಎರಡೆರಡು ಮನೆ ಕೇಳುವುದೇ ಲೇಸು. ರಾಯಚೂರು ನಗರಸಭೆಗೆ ಇದ್ದ 35 ವಾರ್ಡುಗಳನ್ನೇ ಲೆಕ್ಕಕ್ಕೆ ಹಿಡಿದರೆ ವಾರ್ಡಿಗೆ 16ರಂತೆ 560 ಮನೆಗಳಾಗುತ್ತವೆ. ಇಡೀ ನಗರದ ಚಿತ್ರಕ್ಕೆ ಇದು ಸಾಕು. ಆದರೆ 16 ಮನೆಗಳ ಉತ್ತರ ಹಿಡಿದು ‘ಈ ವಾರ್ಡಿಗಿಂತ ಆ ವಾರ್ಡು ಮೇಲು’ ಎಂದು ತೀರ್ಪು ಕೊಡುವುದು ಅನ್ಯಾಯ. ವಾರ್ಡುವಾರು ತೀರ್ಪು ಬೇಕಿದ್ದರೆ ಒಂದೊಂದು ವಾರ್ಡಿನಲ್ಲೂ ನೂರರ ಹತ್ತಿರ ಮನೆ ಬೇಕು, ಅಂದರೆ ಮೂರೂವರೆ ಸಾವಿರ. ಯಾವುದು ಬೇಕು ಎಂಬುದನ್ನು ಕೈಯಲ್ಲಿರುವ ಹಣ ನೋಡಿ ಮೊದಲೇ ತೀರ್ಮಾನಿಸಬೇಕು.

ಬೀಗ ಹಾಕಿದ ಮನೆಗಳು

ಮನೆಗಳ ಪಟ್ಟಿ ಎಲ್ಲಿಂದ ತರುವುದು? ಮನೆ ಕರದ ಪುಸ್ತಕ ಕೈಗೆ ಸಿಗುವಂಥದು. ಆದರೆ ಕರ ಕಟ್ಟುವವರ ಪಟ್ಟಿಯಲ್ಲಿ ಬಾಡಿಗೆದಾರ ಇರುವುದಿಲ್ಲ. ಹಕ್ಕುಪತ್ರ ಇಲ್ಲದ ಗುಡಿಸಲು ಇರುವುದಿಲ್ಲ. ಬೈಪಾಸಿನ ಆಚೆ ನಿನ್ನೆ ಮೊನ್ನೆ ಎದ್ದ ಲೇಔಟು ಇರುವುದಿಲ್ಲ. ಯಾರಿಗೆ ಸೌಲಭ್ಯ ಇಲ್ಲವೋ ಅವರೇ ಪಟ್ಟಿಯಲ್ಲಿ ಇರುವುದಿಲ್ಲ! ಆದ್ದರಿಂದ ಪುಸ್ತಕದ ಪಟ್ಟಿಯನ್ನು ನಂಬದೆ, ಆರಿಸಿದ ಓಣಿಗಳಲ್ಲಿ ಒಮ್ಮೆ ನಡೆದಾಡಿ ಇರುವ ಮನೆಗಳನ್ನೆಲ್ಲ, ತಾಡಪಾಲಿನ ಜೋಪಡಿಯನ್ನೂ ಬಿಡದೆ, ಬರೆದುಕೊಳ್ಳಬೇಕು. ನಂತರ ಚೀಟಿ ಎತ್ತಿ ಮೊದಲ ಮನೆ ಗೊತ್ತುಮಾಡಿ, ಅಲ್ಲಿಂದ ಪ್ರತಿ ಹತ್ತನೆಯದೋ ಹದಿನೈದನೆಯದೋ ಮನೆ ಹಿಡಿಯಬೇಕು.

ಆಗ ಎದುರಾಗುವುದು ಬೀಗ. ಬೀಗ ಹಾಕಿದ್ದರೆ ಪಕ್ಕದ ಮನೆ ಕೇಳಿದರಾಯಿತು ಎಂಬುದು ಸಮೀಕ್ಷಕರ ಹಳೆಯ ಚಾಳಿ. ಹಗಲು ಹನ್ನೊಂದಕ್ಕೆ ಮನೆಯಲ್ಲಿ ಸಿಗುವವರು ಯಾರು? ನಿವೃತ್ತರು, ಅಂಗಡಿ ಮಾಲೀಕರ ಮನೆಯವರು, ಹೊರಗೆ ದುಡಿಯುವ ಅಗತ್ಯ ಇಲ್ಲದವರು. ಬೀಗದ ಹಿಂದೆ ಇರುವುದು ಕೂಲಿಯವರ ಸಂಸಾರ. ಒಂದು ಮನೆಗೆ ಬೇರೆ ಬೇರೆ ವೇಳೆಯಲ್ಲಿ ಮೂರು ಸಲವಾದರೂ ಹೋಗಬೇಕು. ಬೆಳಗಿನ ಏಳರೊಳಗೆ, ಸಂಜೆ ಆರರ ಮೇಲೆ ಹೋದರೆ ಜನ ಸಿಗುತ್ತಾರೆ. ರಾಯಚೂರಿನ ಮೇ ತಿಂಗಳ ಬಿಸಿಲು ಬಲ್ಲವರು ಈ ವೇಳಾಪಟ್ಟಿಗೆ ಬೇರೆ ಕಾರಣವನ್ನೂ ಕೊಟ್ಟಾರು!

ದೇವದುರ್ಗದಲ್ಲಿ ಬೀಗಕ್ಕೆ ಇನ್ನೊಂದು ಅರ್ಥ ಇದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಸುಗ್ಗಿ ಮುಗಿಯುತ್ತಿದ್ದಂತೆ ಇಲ್ಲಿಂದ ಜನ ಬೆಂಗಳೂರಿನ ಕಟ್ಟಡದ ಕೆಲಸಕ್ಕೆಂದು ಮಕ್ಕಳು ಮರಿಗಳೊಂದಿಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು. ಬೇಸಿಗೆಯಲ್ಲಿ ಸಮೀಕ್ಷೆ ಮಾಡಿದರೆ ನೀರಿನ ಕಷ್ಟ ಸರಿಯಾಗಿ ಕಾಣುತ್ತದೆ, ಆದರೆ ಊರಿನ ಅರ್ಧ ದುಡಿಯುವ ಜನ ಕಾಣುವುದಿಲ್ಲ. ಮಳೆಗಾಲದ ನಂತರ ಮಾಡಿದರೆ ಜನ ಇರುತ್ತಾರೆ, ಕಷ್ಟ ಮರೆತಿರುತ್ತಾರೆ. ಎರಡು ಋತುಗಳಲ್ಲಿ ಅರ್ಧರ್ಧ ಮಾಡುವುದೇ ಜಾಣತನ. ಮಾನ್ವಿಯದು ಮತ್ತೊಂದು ಬಗೆ. ತುಂಗಭದ್ರಾ ಕಾಲುವೆಯ ನೀರಾವರಿ ಸೀಮೆ. ಭತ್ತದ ನಾಟಿ, ಕೊಯ್ಲಿನ ದಿನಗಳಲ್ಲಿ ಊರಿನಲ್ಲಿ ಯಾರಿಗೂ ಮಾತಾಡಲು ಪುರುಸೊತ್ತಿರುವುದಿಲ್ಲ. ಒಂದೇ ಜಿಲ್ಲೆಯ ಮೂರು ಊರುಗಳಿಗೆ ಮೂರು ಪಂಚಾಂಗ ಬೇಕು.

ಯಾರನ್ನು ಕೇಳಬೇಕು? ಯಾರು ಕೇಳಬೇಕು?

ಬಾಗಿಲು ತಟ್ಟಿದರೆ ಮನೆಯ ಯಜಮಾನ ಬಂದು ಕುರ್ಚಿ ಹಾಕಿ ಕೂರುತ್ತಾನೆ. ನೀರಿನ ಬಗ್ಗೆ ಅವನನ್ನು ಕೇಳಿ ಏನು ಫಲ? ನಲ್ಲಿ ಬಂದಾಗ ಓಡುವವಳು ಹೆಂಡತಿ, ಕೊಡ ಹೊರುವವಳು ಮಗಳು. ಯಾರನ್ನು ಕೇಳಬೇಕೆಂಬುದನ್ನೂ ಚೀಟಿಗೆ ಬಿಡಬೇಕು. ಹೊರದೇಶಗಳಲ್ಲಿ ‘ಮನೆಯಲ್ಲಿ ಇತ್ತೀಚೆಗೆ ಯಾರ ಹುಟ್ಟುಹಬ್ಬ ಆಯಿತು?’ ಎಂದು ಕೇಳಿ ಅವರನ್ನೇ ಮಾತಾಡಿಸುವ ಉಪಾಯವುಂಟು. ನಮ್ಮಲ್ಲಿ ಅದು ನಡೆಯದು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬರೆದ ಜೂನ್ ಒಂದನೆಯ ತಾರೀಖೇ ಅರ್ಧ ಊರಿನ ಹುಟ್ಟುಹಬ್ಬ! ಮನೆಯ ವಯಸ್ಕರನ್ನು ವಯಸ್ಸಿನ ಪ್ರಕಾರ ಬರೆದುಕೊಂಡು ಒಂದು ಸಂಖ್ಯೆ ಎತ್ತುವುದೇ ವಾಸಿ.

ಕೇಳುವವರು ಯಾರೆಂಬುದು ಅಷ್ಟೇ ಮುಖ್ಯ. ಪಾಲಿಕೆಯ ನೌಕರನೇ ಪುಸ್ತಕ ಹಿಡಿದು ಬಂದರೆ ಜನ ಕರ ಬಾಕಿ ವಸೂಲಿಗೆ ಬಂದನೆಂದೋ, ನಲ್ಲಿ ಕತ್ತರಿಸಲು ಬಂದನೆಂದೋ ಹೆದರಿ ‘ಎಲ್ಲಾ ಚಲೋ ಐತ್ರಿ’ ಎನ್ನುತ್ತಾರೆ. ವಾರ್ಡಿನ ಸದಸ್ಯ ಜೊತೆಗಿದ್ದರಂತೂ ಮುಗಿದೇ ಹೋಯಿತು. ಪದವಿ ಕಾಲೇಜಿನ ವಿದ್ಯಾರ್ಥಿಗಳಿಗೆ ನಾಲ್ಕು ದಿನ ತರಬೇತಿ ಕೊಟ್ಟು ಕಳುಹಿಸಬಹುದು. ತಮ್ಮ ಓಣಿಗೆ ಬಿಟ್ಟು ಬೇರೆ ಓಣಿಗೆ ಹೋಗಲಿ. ಒಬ್ಬ ಹುಡುಗ, ಒಬ್ಬ ಹುಡುಗಿ ಜೋಡಿಯಾಗಿ ಹೋಗಲಿ. ರಾಯಚೂರಿನ ಕೋಟೆಯ ಒಳಗಿನ ಓಣಿಗಳಲ್ಲಿ ಉರ್ದು, ಮಾನ್ವಿಯ ಕಡೆಯ ಕ್ಯಾಂಪುಗಳಿಂದ ಬಂದವರಲ್ಲಿ ತೆಲುಗು ಮನೆಮಾತು. ಪ್ರಶ್ನೆಗಳು ಮೂರೂ ಭಾಷೆಯಲ್ಲಿ ಅಚ್ಚಾಗಿರಬೇಕು. ಇಲ್ಲದಿದ್ದರೆ ಬಾಗಿಲಲ್ಲಿ ನಿಂತ ಹುಡುಗ ತನಗೆ ತೋಚಿದಂತೆ ಅನುವಾದ ಮಾಡುತ್ತಾನೆ, ಮೂವತ್ತು ಹುಡುಗರಿಂದ ಮೂವತ್ತು ಪ್ರಶ್ನೆಗಳಾಗುತ್ತವೆ.

‘ಚಲೋ ಐತ್ರಿ’ ಎಂದರೆ?

ಇನ್ನು ಪ್ರಶ್ನೆಯ ಮಾತು. ಹೀಗೊಂದು ಸಂಭಾಷಣೆಯನ್ನು ಊಹಿಸಿಕೊಳ್ಳಿ.

‘ಯಕ್ಕಾ, ನೀರಿನ ಬಗ್ಗೆ ಸಮಾಧಾನ ಐತೇನ್ರಿ?’

‘ಐತಪಾ, ಚಲೋ ಬರ್ತಾವ.’

‘ಎಷ್ಟು ದಿನಕ್ಕೊಮ್ಮಿ ಬರ್ತಾವ್ರಿ?’

‘ನಾಕು ದಿನಕ್ಕೊಮ್ಮಿ ಬಿಡ್ತಾರ. ಹ್ವಾದ ವರ್ಷ ಎಂಟು ದಿನಕ್ಕೊಮ್ಮಿ ಬರ್ತಿದ್ವು.’

ಮೊದಲ ಪ್ರಶ್ನೆಗೇ ನಿಲ್ಲಿಸಿದ್ದರೆ ಪಾಲಿಕೆಗೆ ಪೂರ್ಣ ಅಂಕ ಸಿಗುತ್ತಿತ್ತು. ಸಮಾಧಾನವೆಂಬುದು ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ನಡುವಿನ ಅಂತರ. ಏನನ್ನೂ ನಿರೀಕ್ಷಿಸದವರು ಬೇಗ ಸಮಾಧಾನ ಪಡುತ್ತಾರೆ. ದಿನವೂ ನೀರು ಬರುವ ಬಡಾವಣೆಯಲ್ಲಿ ಒಂದು ದಿನ ತಪ್ಪಿದರೂ ದೂರು. ಆದ್ದರಿಂದ ಸಂಗತಿಯನ್ನು ಮೊದಲು ಕೇಳಬೇಕು, ಸಮಾಧಾನವನ್ನು ಆಮೇಲೆ. ಎಷ್ಟು ದಿನಕ್ಕೊಮ್ಮೆ? ಎಷ್ಟು ಹೊತ್ತು? ಎಷ್ಟು ಕೊಡ? ರಾತ್ರಿಯೋ ಹಗಲೋ? ಕಳೆದ ಒಂದು ತಿಂಗಳಲ್ಲಿ ಬಣ್ಣ, ವಾಸನೆ ಬದಲಾಗಿತ್ತೇ? ಬದಲಾಗಿದ್ದರೆ ಯಾರಿಗೆ ಹೇಳಿದಿರಿ? ಹೇಳಿದ ಮೇಲೆ ಏನಾಯಿತು?

ಈ ಕೊನೆಯ ಮೂರು ಪ್ರಶ್ನೆಗಳಿಗೆ ರಾಯಚೂರಿನಲ್ಲಿ ಎಷ್ಟು ಬೆಲೆ ಇದೆ ಎಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

‘ನೀರು ಮತ್ತು ರಸ್ತೆ ಚೆನ್ನಾಗಿವೆಯೇ?’ ಎಂಬಂಥ ಜೋಡಿ ಪ್ರಶ್ನೆ ಕೂಡದು. ನೀರು ಚೆನ್ನಾಗಿದ್ದು ರಸ್ತೆ ಕೆಟ್ಟಿದ್ದರೆ ಏನು ಹೇಳಬೇಕು? ‘ಪಾಲಿಕೆಯ ಉತ್ತಮ ಕಸ ವಿಲೇವಾರಿ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂದು ಪ್ರಶ್ನೆಯ ಒಳಗೇ ಉತ್ತರವನ್ನು ತುರುಕುವುದೂ ಕೂಡದು. ‘ತೃಪ್ತಿ’, ‘ವಿಲೇವಾರಿ’, ‘ಮೂಲಸೌಕರ್ಯ’ ಇವೆಲ್ಲ ಕಡತದ ಮಾತುಗಳು. ಒಂದರಿಂದ ಐದರವರೆಗೆ ಅಂಕ ಕೊಡಿ ಎಂದರೆ ಅಕ್ಷರ ಬಾರದ ಹಿರಿಯರು ತಬ್ಬಿಬ್ಬಾಗುತ್ತಾರೆ. ಅದೇ ‘ರೂಪಾಯಿಗೆ ಎಷ್ಟಾಣೆ ಕೊಡ್ತೀರಿ? ನಾಕಾಣೆಯೋ, ಎಂಟಾಣೆಯೋ, ಹನ್ನೆರಡಾಣೆಯೋ, ಹದಿನಾರಾಣೆಯೋ?’ ಎಂದರೆ ಅಜ್ಜಿಯೂ ಥಟ್ಟನೆ ಹೇಳಿಯಾಳು. ಆಣೆ ಚಲಾವಣೆಯಿಂದ ಹೋಗಿ ಎಷ್ಟೋ ವರ್ಷವಾದರೂ ಮಾತಿನಲ್ಲಿ ಇನ್ನೂ ಚಲಾವಣೆಯಲ್ಲಿದೆ.

ಎಲ್ಲ ಸೇರಿ ಇಪ್ಪತ್ತು ನಿಮಿಷದೊಳಗೆ ಮುಗಿಯಬೇಕು. ಅದಕ್ಕಿಂತ ಹೆಚ್ಚಾದರೆ ಒಲೆಯ ಮೇಲಿನ ರೊಟ್ಟಿ ಸೀಯುತ್ತದೆ, ಉತ್ತರವೂ ಸೀಯುತ್ತದೆ. ಅಚ್ಚು ಹಾಕಿಸುವ ಮುನ್ನ ಪ್ರಶ್ನಾವಳಿಯನ್ನು ಮೂವತ್ತು ಮನೆಗಳಲ್ಲಿ ಪರೀಕ್ಷಿಸಿ ನೋಡಬೇಕು. ರಾಯಚೂರಿನಲ್ಲಿ ಹತ್ತು, ಮಾನ್ವಿಯಲ್ಲಿ ಹತ್ತು, ದೇವದುರ್ಗದಲ್ಲಿ ಹತ್ತು ಮನೆ. ಎಲ್ಲಿ ಜನ ‘ಆಂ?’ ಎನ್ನುತ್ತಾರೋ ಆ ಪ್ರಶ್ನೆಯನ್ನು ತಿದ್ದಬೇಕು. ಸಮೀಕ್ಷೆ ನಡೆಯುವಾಗಲೂ ಹತ್ತರಲ್ಲಿ ಒಂದು ಮನೆಗೆ ಮೇಲ್ವಿಚಾರಕರು ಮತ್ತೆ ಹೋಗಿ, ಹುಡುಗರು ನಿಜವಾಗಿ ಬಂದಿದ್ದರೋ ಮರದ ನೆರಳಲ್ಲಿ ಕುಳಿತು ತುಂಬಿದರೋ ಎಂದು ನೋಡಬೇಕು.

ನಾಲಿಗೆ ಹೇಳದ ಸತ್ಯ

ಸಮೀಕ್ಷೆಗೂ ಮಿತಿ ಇದೆ. ರಾಯಚೂರು ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೋಡಲು ತಿಳಿಯಾದ ಕೊಳವೆಬಾವಿ ನೀರನ್ನು ಜನ ಹದಿನಾರಾಣೆ ಮೆಚ್ಚಬಹುದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು; ಬೇರೆ ಮೂಲವೇ ಇಲ್ಲದಿದ್ದರೆ ಒಂದೂವರೆವರೆಗೆ ಸಹಿಸಬಹುದು. ಅದನ್ನು ಮೀರಿದ ನೀರು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ, ಮುಂದೆ ಮೂಳೆಯಲ್ಲಿ ನೋವು. ಕಾಲರಾ, ವಾಂತಿಭೇದಿಯ ರೋಗಾಣುಗಳೂ ಕಣ್ಣಿಗೆ ಕಾಣುವುದಿಲ್ಲ.

ಆದ್ದರಿಂದ ಸಮೀಕ್ಷಕರ ಚೀಲದಲ್ಲಿ ಪ್ರಶ್ನಾವಳಿಯ ಜೊತೆ ನೀರಿನ ಬಾಟಲಿಯೂ ಇರಲಿ. ಕೇಳಿದ ಮನೆಗಳಲ್ಲಿ ಐದರಲ್ಲಿ ಒಂದರಿಂದ ನೀರಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿದರೆ, ಜನರ ಮಾತು ಮತ್ತು ನೀರಿನ ಗುಣ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಜನ ಕೆಟ್ಟದ್ದೆಂದು ಹೇಳಿ ಪರೀಕ್ಷೆಯಲ್ಲೂ ಕೆಟ್ಟದ್ದೆಂದು ಬಂದರೆ ಕೊಳವೆ ಅಗೆಯಬೇಕು. ಜನ ಒಳ್ಳೆಯದೆಂದು ಹೇಳಿ ಪರೀಕ್ಷೆಯಲ್ಲಿ ಕೆಟ್ಟದ್ದೆಂದು ಬಂದರೆ ಇನ್ನೂ ಬೇಗ ಅಗೆಯಬೇಕು. ಏಕೆಂದರೆ ಅಲ್ಲಿ ಯಾರೂ ಎಚ್ಚರವಾಗಿಲ್ಲ.

ಉತ್ತರ ಬಂದ ಮೇಲೆ

ಸಮೀಕ್ಷೆ ಮಾಡುವುದಕ್ಕಿಂತ ಕಷ್ಟದ ಕೆಲಸ ಅದನ್ನು ಪ್ರಕಟಿಸುವುದು. ಫಲಿತಾಂಶ ಕಹಿಯಾಗಿದ್ದರೆ ಕಪಾಟಿಗೆ ಬೀಗ ಬೀಳುತ್ತದೆ. ಆದ್ದರಿಂದ ಮೊದಲ ಮನೆಯ ಬಾಗಿಲು ತಟ್ಟುವ ಮುನ್ನವೇ ‘ಉತ್ತರ ಏನೇ ಬಂದರೂ ಇಂಥ ತಾರೀಖಿನೊಳಗೆ ಪ್ರಕಟಿಸುತ್ತೇವೆ’ ಎಂದು ಸಭೆಯಲ್ಲಿ ನಿರ್ಣಯ ಮಾಡಿ ಸಾರಬೇಕು. ಉತ್ತರ ಕೊಟ್ಟವರ ಹೆಸರು, ಮನೆ ನಂಬರು ಮಾತ್ರ ಹೊರಬರಕೂಡದು. ಬಾಯಿ ಬಿಟ್ಟ ತಪ್ಪಿಗೆ ಯಾರ ನಲ್ಲಿಯೂ ಒಣಗಬಾರದು.

ಅಂಕಿಗಳನ್ನು ಓದುವಾಗಲೂ ಹುಷಾರಾಗಿರಬೇಕು. ಈ ವರ್ಷ ಶೇಕಡಾ 40, ಎರಡು ವರ್ಷದ ನಂತರ ಶೇಕಡಾ 43 ಎಂದು ಬಂದರೆ ಸುಧಾರಣೆ ಎಂದು ಜಾಹೀರಾತು ಕೊಡುವಂತಿಲ್ಲ. ಎರಡೂ ಅಂಕಿಗಳಿಗೆ ಐದೈದು ಅಂಶದ ಅನುಮಾನ ಅಂಟಿಕೊಂಡಿರುವಾಗ, ಅಂತರ ಏಳಕ್ಕಿಂತ ಹೆಚ್ಚಾದರೆ ಮಾತ್ರ ನಿಜವಾಗಿ ಏನೋ ಬದಲಾಗಿದೆ ಎನ್ನಬಹುದು. ಪ್ರಶ್ನೆಯ ಒಂದು ಪದವನ್ನೂ ಬದಲಿಸದೆ, ಅದೇ ಋತುವಿನಲ್ಲಿ, ಅದೇ ವಿಧಾನದಲ್ಲಿ ಮತ್ತೆ ಕೇಳಿದರೆ ಮಾತ್ರ ಹೋಲಿಕೆಗೆ ಅರ್ಥ. ಜ್ವರ ನೋಡುವಾಗ ಪ್ರತಿ ಸಲ ಬೇರೆ ಥರ್ಮಾಮೀಟರ್ ಹಿಡಿದರೆ ಹೇಗೆ?

ಎಲ್ಲಕ್ಕಿಂತ ಮೊದಲು, ಕೇಳಿದ ಮೇಲೆ ಏನಾದರೂ ಒಂದನ್ನು ಮಾಡಿ ತೋರಿಸಬೇಕು. ಇಪ್ಪತ್ತು ದೂರುಗಳಲ್ಲಿ ಮೂರನ್ನಾದರೂ ಆರು ತಿಂಗಳಲ್ಲಿ ಸರಿಪಡಿಸಿ, ‘ನೀವು ಹೇಳಿದಿರಿ, ನಾವು ಮಾಡಿದೆವು’ ಎಂದು ಆ ಓಣಿಗಳಲ್ಲೇ ಹೋಗಿ ತಿಳಿಸಬೇಕು. ಕೇಳಿ ಸುಮ್ಮನಾಗುವ ಆಡಳಿತಕ್ಕಿಂತ ಕೇಳದೇ ಇರುವ ಆಡಳಿತವೇ ವಾಸಿ. ಅದು ಆಸೆಯನ್ನಾದರೂ ಹುಟ್ಟಿಸುವುದಿಲ್ಲ.

ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ನಲವತ್ತು ಅಡಿಗೂ ಮಿಕ್ಕಿದ ಒಂದೇ ಕಲ್ಲು ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತದೆ. ಅಷ್ಟು ಭಾರವನ್ನು ಬಂಡಿಯ ಮೇಲೆ ಎಳೆದು ತಂದ ದೃಶ್ಯವೂ ಅಲ್ಲೇ ಕೆತ್ತಿದೆ. ಏಳುನೂರು ವರ್ಷದ ಹಿಂದೆ ಅಂಥ ಕಲ್ಲನ್ನು ಎತ್ತಿ ನಿಲ್ಲಿಸಿದ ಊರಿಗೆ, ಐನೂರು ಅರವತ್ತು ಬಾಗಿಲು ತಟ್ಟುವುದು ಭಾರವಾದ ಕೆಲಸವೇನಲ್ಲ. ಬಾಗಿಲ ಒಳಗೆ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ನೀರಿಗೆ ವಾಸನೆ ಬಂದದ್ದು ಇಡೀ ಊರಿನಲ್ಲಿ ಎಲ್ಲರಿಗಿಂತ ಮೊದಲು ಅವಳಿಗೆ ಗೊತ್ತು. ಇಷ್ಟು ದಿನ ಅವಳನ್ನು ಯಾರೂ ಕೇಳಿಲ್ಲ, ಅಷ್ಟೇ.